ಸಾಸಿವೆಕಾಳಿನಷ್ಟು ಅಫೀಮು

ಆಗ ತಿಕೋಟಾದ ಕಡೆ ಹೊಲಕ್ಕೆ ಹೋಗುವ ತಾಯಂದಿರ ಕೂಸುಗಳು ಅಫೀಮಿನ ನಿದ್ದೆಯಲ್ಲೇ ಬೆಳೆಯುತ್ತಿದ್ದವು. ಸಾಸಿವೆಕಾಳಿನಷ್ಟು, ಹಾಲಿನಲ್ಲಿ ತೇಯ್ದು. ಇದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಸರಕಾರ ಅಫೀಮಿನ ಅಂಗಡಿ ಮುಚ್ಚಿಸಿದ ಮೇಲೆ ಬಾಯಿ ಬಿಟ್ಟು ಹೇಳುತ್ತಲೂ ಇರಲಿಲ್ಲ. ಮುರಿಗೆವ್ವ ತನ್ನ ಮಕ್ಕಳನ್ನೆಲ್ಲ ಹೀಗೇ ದೊಡ್ಡವರನ್ನಾಗಿ ಮಾಡಿದ್ದಳು. ಅಫೀಮಿನ ಡಬ್ಬಿ ಅವಳ ಎಲೆ ಅಡಿಕೆಯ ಸಂಚಿಯಲ್ಲೇ ಇರುತ್ತಿತ್ತು.

ಬಬಲೇಶ್ವರದ ಮದುವೆಯೂಟ ಉಂಡು ಬಂದ ಮರುದಿನ ಮೊಮ್ಮಗ ಚನ್ನಮಲ್ಲನಿಗೆ ಹೊಟ್ಟೆ ಜಾಡಿಸತೊಡಗಿತು. ಇನ್ನೂ ಮೂರು ತುಂಬದ ಹುಡುಗ. ಮುರಿಗೆವ್ವ ಅದಕ್ಕೂ ಅಫೀಮನ್ನೇ ಕೊಟ್ಟಳು, ದಿನಕ್ಕಿಂತ ತುಸು ಹೆಚ್ಚು. ಆಮೇಲೆ ವಾಂತಿಯೂ ಶುರುವಾಯಿತು, ನಿಲ್ಲಲೇ ಇಲ್ಲ. ಅತ್ತೆ ಮುಂದೆ, ಕೂಸನ್ನೆತ್ತಿಕೊಂಡ ಸೊಸೆ ಗುರುಬಸವ್ವ ಹಿಂದೆ, ದವಾಖಾನೆಗೆ ಬಂದರು.

ಡಾಕ್ಟರು ವಿಜಾಪುರಕ್ಕೆ ಹೋಗಿದ್ದರು. ನರ್ಸ್ ಸೋನಾಬಾಯಿ ಒಬ್ಬಳೇ ಇದ್ದಳು. ವಾಂತಿಗೆ ಡಾಕ್ಟರು ಹೇಳಿಟ್ಟಿದ್ದ ಸೂಜಿಮದ್ದು ಪ್ರೊಮೆಥಜೀನ್. ಅದು ವಾಂತಿ ನಿಲ್ಲಿಸುತ್ತದೆ, ಜೊತೆಗೆ ನಿದ್ದೆಯನ್ನೂ ತರುತ್ತದೆ. ಹೊಟ್ಟೆಯಲ್ಲಿ ಮೊದಲೇ ಬೇರೆ ನಿದ್ದೆಯ ಪದಾರ್ಥವಿದ್ದರೆ ಎರಡೂ ಸೇರಿ ಉಸಿರನ್ನೇ ತಗ್ಗಿಸುತ್ತವೆ. ಅದಕ್ಕೇ ಅವಳು ಸೂಜಿ ಹಿಡಿದು ಮೊದಲು ಕೇಳಿದಳು.

"ಮನ್ಯಾಗ ಕೂಸಿಗೆ ಏನರೆ ಕೊಟ್ಟೀರೇನ್ರಿ? ಅಫೀಮು ಗಿಫೀಮು?"

"ಛೇ ಛೇ! ನೀರು ಬಿಟ್ರ ಏನೂ ಕೊಟ್ಟಿಲ್ರಿ ಬಾಯಾರ," ಅಂದಳು ಮುರಿಗೆವ್ವ. ಪೊಲೀಸರ ಅಂಜಿಕೆ ಅವಳಿಗೆ.

ಸೋನಾಬಾಯಿ ಸೊಸೆಯ ಕಡೆ ತಿರುಗಿದಳು. "ಹಡದಾಕಿ ನೀ ಹೇಳವಾ. ಖರೇನ?"

ಅತ್ತೆ ಆಡಿದ ಮೇಲೆ ಸೊಸೆ ಎದುರು ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಗುರುಬಸವ್ವ ನೆಲ ನೋಡುತ್ತ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಇದನ್ನು ಹೇಳುವಾಗ ನನಗೆ ಈಗಲೂ ಸಿಟ್ಟು ಬರುವುದು ಆ ಸೆರಗಿನ ಮೇಲೆ.

ಸೊಸೆಯೂ ಅಲ್ಲಗಳೆಯಲಿಲ್ಲವೆಂದು ಸೂಜಿ ಚುಚ್ಚಿ ಸೋನಾಬಾಯಿ, "ಸಂಜಿತನಕ ಇಲ್ಲೇ ಇರ್ರಿ, ನಾ ನೋಡಕೋತೀನಿ," ಅಂದಳು. ಮುರಿಗೆವ್ವ ಒಪ್ಪಲಿಲ್ಲ. ಸೋನಾಬಾಯಿಯ ಜಾತಿ ಊರಿಗೆಲ್ಲ ಗೊತ್ತಿತ್ತು. ಅವಳ ಕೈಯ ಸೂಜಿ ನಡೆಯುತ್ತಿತ್ತು, ನೀರು ನಡೆಯುತ್ತಿರಲಿಲ್ಲ. ಸಂಜೆಯವರೆಗೆ ಬಾಯಾರಿ ಕೂಡುವುದು ಹೇಗೆ?

"ಹಂಗಾರ ಕೇಳ್ರಿ. ನಿದ್ದಿ ಬರತದ, ಅಂಜಬ್ಯಾಡ್ರಿ. ಆದ್ರ ಆಗಾಗ ಎಬ್ಬಿಸಿ ನೋಡ್ರಿ. ಕಣ್ಣು ತೆರೀಲಿಲ್ಲಂದ್ರ ಓಡಿ ಬರ್ರಿ."

ಮುರಿಗೆವ್ವನಿಗೆ ನೆನಪುಳಿದದ್ದು ಅಂಜಬ್ಯಾಡ್ರಿ ಎಂಬುದೊಂದೇ. ಮನೆಯಲ್ಲಿ ಗುರುಬಸವ್ವ ಎರಡು ಸಲ ತೊಟ್ಟಿಲ ಹತ್ತಿರ ಹೋದಳು. "ಮಲಗಿದ ಕೂಸಿನ್ನ ಎಬ್ಬಸ್ತಾರೇನಬೇ? ವಾಂತಿ ನಿಂತೈತಿ, ಸುಮ್ಮನಿರು," ಎಂದು ಅತ್ತೆ ಗದರಿದಳು. ಮುದುಕಿಗೆ ಮೊಮ್ಮಗನೆಂದರೆ ಜೀವ. ಎಷ್ಟು ಚಂದ ಮಲಗಿದ್ದಾನೆಂದು ದೃಷ್ಟಿಯನ್ನೂ ತೆಗೆದಳು.

ಮೂರನೆಯ ಸಲ ಗುರುಬಸವ್ವ ಕೇಳದೆಯೇ ಎತ್ತಿಕೊಂಡಳು. ತುಟಿ ನೀಲಿಯಾಗಿತ್ತು. ಓಣಿಯುದ್ದಕ್ಕೂ ಓಡಿದಳು, ಸೆರಗು ಎಲ್ಲಿ ಬಿತ್ತೋ ತಿಳಿಯಲಿಲ್ಲ.

"ಬಾಯಾರ, ಅಫೀಮು ಕೊಟ್ಟಾರ್ರಿ! ಮುಂಜಾನೆ ನಮ್ಮತ್ತಿ ಕೊಟ್ಟಾರ್ರಿ, ನಾ ಕಣ್ಣಾರೆ ನೋಡೇನ್ರಿ!"

ಸೋನಾಬಾಯಿ ಕೂಸಿನ ಬಾಯಿಗೆ ಬಾಯಿಯಿಟ್ಟು ಉಸಿರು ಊದಿದಳು. ಹಿಂದೆಯೇ ಓಡಿ ಬಂದ ಮುರಿಗೆವ್ವ ಆ ಬಾಯಿಯ ಜಾತಿ ಕೇಳಲಿಲ್ಲ. ವಿಜಾಪುರದ ಬಸ್ಸಿನಲ್ಲಿಯೂ ಸೋನಾಬಾಯಿ ಊದುತ್ತಲೇ ಇದ್ದಳು. ವಿಜಾಪುರ ಸಮೀಪಿಸುವಾಗ ಊದುವುದನ್ನು ನಿಲ್ಲಿಸಿದಳು. ಕೂಸನ್ನು ತಾಯಿಯ ತೊಡೆಯ ಮೇಲಿಟ್ಟಳು.

ಮುರಿಗೆವ್ವ ಎದೆ ಬಡಿದುಕೊಂಡು ಅತ್ತಳು. ಆ ಅಳು ಸುಳ್ಳಲ್ಲ. ಅಳುತ್ತ ಅಳುತ್ತ ಸೊಸೆಯ ರಟ್ಟೆ ಹಿಡಿದು ಜಗ್ಗಿದಳು.

"ನಾ ಮುದುಕಿ, ಅಂಜಿ ಸುಳ್ಳು ಹೇಳಿದ್ನಿ. ಹಡದಾಕಿ ನೀನರೆ ಆವಾಗ ಬಾಯಿ ಬಿಡಬಾರದಾಗಿತ್ತೇನಬೇ?"

ಗುರುಬಸವ್ವ ತಲೆಯೆತ್ತಿ ಅತ್ತೆಯ ಮುಖವನ್ನು ನೇರವಾಗಿ ನೋಡಿದಳು. ಮದುವೆಯಾಗಿ ಬಂದ ಮೇಲೆ ಹಾಗೆ ನೋಡಿದ್ದು ಅದೇ ಮೊದಲು.