ಓದಬೇಡಿ ಎಂದು ಬರೆದ ಪುಟ

ಕದಿರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಶಿಡ್ಲಘಟ್ಟದ ಪೇಟೆಯಲ್ಲಿ ಕತೆ ಪುಸ್ತಕ ಬಾಡಿಗೆಗೆ ಕೊಡುವ ವೆಂಕಟರವಣಪ್ಪ, ಅಂಗಡಿ ತುಂಬ ಹೆಂಗಸರಿರುವಾಗಲೇ ಕೈಬರಹದ ಕತೆಯ ನೋಟ್‌ಬುಕ್ಕೊಂದನ್ನು ಅವಳ ಕೈಯಿಂದ ವಾಪಸ್ ಕಿತ್ತುಕೊಂಡಿದ್ದ.

"ನಿಮಗೆ ಕೊಡಕ್ಕಾಗಲ್ಲ ಕಣಮ್ಮ. ಮೊದಲನೇ ಪುಟದಲ್ಲೇ ಬರೆದವ್ರೆ, ಕೇಳಿ," ಎಂದು ಗಟ್ಟಿಯಾಗಿ ಓದಿಯೂ ಬಿಟ್ಟ. "ಈ ಕತೆಯಲ್ಲಿ ಹಸುಗೂಸು ಸಾಯುತ್ತದೆ. ಮಗು ಕಳೆದುಕೊಂಡವರು ದಯವಿಟ್ಟು ಓದಬೇಡಿ. ಇಂತಿ, ಬರೆದವಳು."

ಹೆಂಗಸರೆಲ್ಲ ಒಮ್ಮೆ ಕದಿರಮ್ಮನನ್ನು ನೋಡಿ, ಆಮೇಲೆ ಪುಸ್ತಕದ ಬೀರು ನೋಡತೊಡಗಿದರು. ಹೋದ ವರ್ಷ ಅವಳ ಮಗಳು ತೊಟ್ಟಿಲಲ್ಲೇ ತೀರಿಕೊಂಡಿದ್ದು ಬೀದಿಗೆಲ್ಲ ಗೊತ್ತಿತ್ತು. ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಕಪಾಳಕ್ಕೆ ಹೊಡೆಸಿಕೊಳ್ಳುವುದೇ ವಾಸಿ ಅನ್ನಿಸಿತು ಅವಳಿಗೆ.

ಬರೆದವಳೇನು ಗೊತ್ತಿಲ್ಲದವಳೇ? ರೇಷ್ಮೆ ನೂಲು ಬಿಚ್ಚುವ ಕೆಲಸದಲ್ಲಿ ಅವಳ ಪಕ್ಕದಲ್ಲೇ ಕೂರುವ ಮಹಮೂದಾ! ಊಟದ ಹೊತ್ತಿನಲ್ಲಿ ವಾರಪತ್ರಿಕೆಯ ಧಾರಾವಾಹಿಯನ್ನು ಎಲ್ಲರಿಗೂ ಓದಿ ಹೇಳುತ್ತಿದ್ದವಳೂ ಅವಳೇ. ಆ ಧಾರಾವಾಹಿಯಲ್ಲಿ ನಾಯಕಿ ವಸುಧಾಳ ಕೂಸು ಒಂದೇ ಸಾಲಿನಲ್ಲಿ ಸತ್ತಿತ್ತು. ಮುಂದಿನ ವಾರ ನೋಡಿದರೆ ವಸುಧಾ ಗಂಡನ ಜೊತೆ ಊಟಿಗೆ ಹೊರಟಿದ್ದಾಳೆ, ಗುಲಾಬಿ ಸೀರೆ ಉಟ್ಟುಕೊಂಡು!

"ಥೂ, ಇದನ್ನ ಬರೆದೋನ ಮನೆ ಹಾಳಾಗ," ಎಂದು ಕದಿರಮ್ಮ ಬಾಯಿಗೆ ಬಂದಂತೆ ಬೈದಿದ್ದಳು.

"ನಡುವೆ ಏನಾಯ್ತು ಅಂತ ನಾನು ಬರೀತೀನಿ ಅಕ್ಕ," ಎಂದಿದ್ದಳು ಮಹಮೂದಾ.

ಆಗಲೇ ಕದಿರಮ್ಮ ಹೆತ್ತ ತಾಯಿಗೂ ಹೇಳದ್ದನ್ನು ಅವಳಿಗೆ ಹೇಳಿದ್ದು. ಕೂಸು ಹೋದಮೇಲೂ ಹಾಲು ನಿಲ್ಲಲಿಲ್ಲ. ಬೇರೆಯವರ ಮಗು ಅತ್ತರೂ ರವಿಕೆ ಒದ್ದೆಯಾಗುತ್ತಿತ್ತು. ಬರೆದಾಯಿತೇನೇ ಎಂದು ಎಷ್ಟು ಸಲ ಕೇಳಿದರೂ, "ಇನ್ನೂ ಮುಗಿದಿಲ್ಲ ಅಕ್ಕ," ಎಂದೇ ಜಾರಿಕೊಂಡಿದ್ದಳು ಹುಡುಗಿ. ಇಲ್ಲಿ ನೋಡಿದರೆ ಊರೆಲ್ಲ ಓದಿಯಾಗಿದೆ.

ಕದಿರಮ್ಮ ನೇರ ಮಹಮೂದಾಳ ಮನೆಗೆ ಹೋದಳು. ಅವಳು ಅಕ್ಕಿ ಆರಿಸುತ್ತಿದ್ದಳು.

"ನಾನು ಓದಬಾರದು ಅನ್ನಕ್ಕೆ ನೀನ್ಯಾರೇ?"

ಮಹಮೂದಾಳ ಕೈಯಲ್ಲಿ ಮೊರ ಹಾಗೇ ನಿಂತಿತು. "ನಿಮಗೆ ನೋವಾಗ್ತದೆ ಅಂತ ಅಕ್ಕ..."

"ಸತ್ತಿದ್ದು ನನ್ನ ಕೂಸು. ಹಾಲು ಕಟ್ಕೊಂಡು ಬಾಧೆ ಪಟ್ಟಿದ್ದು ನಾನು. ಬೀದಿಯೋರೆಲ್ಲ ಓದ್ಬೋದು, ನಾನೊಬ್ಬಳು ಓದ್ಬಾರ್ದಾ? ಕೂಸು ಸಾಯ್ತದೆ ಅಂತ ಮೊದಲೇ ಹೇಳು, ಬೇಡ ಅನ್ನಲ್ಲ. ಗೊತ್ತಿಲ್ದೆ ಓದಿ ಯಾರಾದ್ರೂ ಸಂಕಟ ಪಟ್ಟಾರು. ಹೇಳಿ ಸುಮ್ನಾಗು. ಓದ್ಬೇಕೋ ಬೇಡ್ವೋ ನಾವು ನೋಡ್ಕೊಂತೀವಿ. ಆ ವಸುಧಾ ಆಮೇಲೆ ಹೆಂಗೆ ಬದುಕಿದ್ಲು ಅಂತ ನನಗಿಂತ ಯಾರಿಗೆ ಬೇಕೇ?"

ಮಹಮೂದಾ ಮೊರ ಕೆಳಗಿಟ್ಟು, ಬುರ್ಖಾ ಹಾಕಿಕೊಂಡು, ಪೆನ್ನು ತೆಗೆದುಕೊಂಡಳು. ಇಬ್ಬರೂ ಅಂಗಡಿಗೆ ನಡೆದರು.

ನೋಟ್‌ಬುಕ್ಕಿನ ಮೊದಲ ಪುಟ ತೆರೆದು, ಹಸುಗೂಸು ಸಾಯುತ್ತದೆ ಎಂಬ ಸಾಲನ್ನು ಹಾಗೇ ಉಳಿಸಿ, ಅದರ ಕೆಳಗಿನ ಓದಬೇಡಿ ಎಂಬ ಸಾಲನ್ನು ಮಹಮೂದಾ ಅಡ್ಡಗೀರು ಎಳೆದು ಹೊಡೆದುಹಾಕಿದಳು. ಆ ಜಾಗದಲ್ಲಿ ಹೊಸದಾಗಿ ಬರೆದಳು: "ಮಗು ಕಳೆದುಕೊಂಡವರು ಬಂದು ಕೇಳಿದರೆ ಅವರಿಗೆ ಮೊದಲು ಕೊಡಿ."

ವೆಂಕಟರವಣಪ್ಪ ಓದಿ ತಲೆ ಕೆರೆದುಕೊಂಡ. "ಇದು ಓದೋರಿಗೆ ಹೇಳಿದ್ದಾ, ನನಗಾ?"

"ನಿಮಗೇ," ಎಂದಳು ಕದಿರಮ್ಮ, ಅವನ ಕೈಯಿಂದ ನೋಟ್‌ಬುಕ್ಕು ತೆಗೆದುಕೊಳ್ಳುತ್ತಾ.