ಮೂರು ಚುಕ್ಕೆಯ ಪಂಚು

"ಇಳಿಸು ಅಣ್ಣ, ಪೆಟ್ಟಿಗೆ ಜಾರ್ತಿದೆ."

ಮಗಳು ಜನರನ್ನು ತಳ್ಳಿಕೊಂಡು ಮುಂದೆ ಬಂದಳು. ಸ್ಮಶಾನದ ದಾರಿ ಕೆಸರು, ಶವದ ಗಾಡಿ ಹೋಗುವಂತಿರಲಿಲ್ಲ. ಅದಕ್ಕೇ ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗೆ ಕಬ್ಬಿಣದ ಹಲಗೆ ಸಿಕ್ಕಿಸಿ, ಅದರ ಮೇಲೆ ಅಪ್ಪನ ಶವಪೆಟ್ಟಿಗೆ ಇಟ್ಟಿದ್ದರು. ಅಣ್ಣ ಲಿವರ್ ಎತ್ತಿದ್ದೇ ತಡ, ಹಲಗೆ ಮೇಲೆದ್ದು ಬಲಕ್ಕೆ ವಾಲಿತ್ತು.

"ಬಲಗಡೆ ಕೊಂಡಿಯ ತೋಳು ಗಿಡ್ಡ ಮಾಡ್ಬೇಕು. ಅಷ್ಟೂ ಗೊತ್ತಿಲ್ವಾ ನಿನಗೆ?"

ಅವಳು ಆ ತೋಳಿನ ಹಿಡಿ ತಿರುಗಿಸಿದಳು. ಹಲಗೆ ಸಮವಾಯಿತು. ಪಕ್ಕದ ಹೊಲದ ಅಜ್ಜ ಅದರ ಅಂಚಿನಲ್ಲಿದ್ದ ಮೂರು ಚುಕ್ಕೆ ಸವರಿದರು.

"ನಿಮ್ಮಪ್ಪನ ಕೈಕೆಲಸ ಅಂದ್ರೆ ಇದು ನೋಡಮ್ಮ. ಈ ಗುರುತಿದ್ರೆ ಕಣ್ಮುಚ್ಕೊಂಡು ತಗೋಬಹುದಿತ್ತು."

ಅವಳಿಗೆ ಮೈಯೆಲ್ಲ ಉರಿಯಿತು. ಈ ಹಲಗೆಯನ್ನು ಬೆಸೆದದ್ದು ಅವಳು. ಆರು ವರ್ಷದಿಂದ ಅಪ್ಪನ ಬೆಸುಗೆ ಶೆಡ್ಡಿನಿಂದ ಹೊರಬಿದ್ದ ಪ್ರತಿಯೊಂದನ್ನೂ ಬೆಸೆದದ್ದು ಅವಳೇ.

*

ಸುತ್ತಲಿನವರ ಹಳೆಯ ನೇಗಿಲು, ಕುಂಟೆಗಳೆಲ್ಲ ಚಕ್ರವಿದ್ದಂಥವು, ಹಿಂದೆ ಕಟ್ಟಿಕೊಂಡು ಎಳೆಸುವಂಥವು. ಹೊಸ ಟ್ರ್ಯಾಕ್ಟರುಗಳಾದರೋ ಎಳೆಯುವುದಲ್ಲದೆ ಎತ್ತುತ್ತವೆ ಕೂಡ. ಅಪ್ಪ ಚಕ್ರ ಕಳಚಿ, ಕೆಳಗೆರಡು ಮೇಲೊಂದು ಕೊಂಡಿ ಕೂರುವ ಹಾಗೆ ಚೌಕಟ್ಟು ಬೆಸೆದು ಕೊಡುತ್ತಿದ್ದ. ಕಡೆಗೆ ಗುರುತು ಒತ್ತುವ ಉಕ್ಕಿನ ಪಂಚು ಇಟ್ಟು ಸುತ್ತಿಗೆಯಿಂದ ಒಂದೇಟು. ಮೂರು ಚುಕ್ಕೆ ಒಟ್ಟಿಗೇ ಮೂಡುತ್ತಿದ್ದವು. ಅರದಲ್ಲಿ ಉಜ್ಜಿ ತಾನೇ ಮಾಡಿಕೊಂಡ ಪಂಚು ಅದು.

ಅಪ್ಪನ ಕೈ ನಡುಗಲು ಶುರುವಾದ ಮೇಲೆ ಬೆಸುಗೆಯ ಕಡ್ಡಿ ಅವಳ ಕೈಗೆ ಬಂತು. ಗಿರಾಕಿ ಬಂದರೆ ಮಾತ್ರ ಅಪ್ಪ ಅವಳ ಕೈಗವಸು ಕಿತ್ತು ತಾನು ಹಾಕಿಕೊಳ್ಳುತ್ತಿದ್ದ. "ಹೋಗಮ್ಮ, ಟೀ ತಗೊಂಬಾ." ಗಿರಾಕಿ ಆಚೆ ಹೋದಮೇಲೆ ಪಂಚು ಹೊಡೆಯುವುದಕ್ಕೆ ಅವನ ಮಣಿಕಟ್ಟನ್ನು ಅವಳೇ ಹಿಡಿದುಕೊಳ್ಳಬೇಕಿತ್ತು.

"ಇನ್ನೆಷ್ಟು ದಿನ ಹೀಗೆ ಅಪ್ಪ? ಬೆಸೆಯೋದು ನಾನು ಅಂತ ಒಬ್ಬರಿಗಾದ್ರೂ ಹೇಳು."

"ಕೈ ನಡುಗುತ್ತೆ ಅಂತ ಗೊತ್ತಾದ್ರೆ ಮುಗೀತು ನನ್ನ ಕತೆ. ನಾನು ಹೋದ ದಿನ ಎಲ್ಲರಿಗೂ ಗೊತ್ತಾಗತ್ತೆ ಬಿಡು. ನಿಮ್ಮಣ್ಣಂಗೆ ಹೇಳಿಟ್ಟಿರ್ತೀನಿ."

*

ಪೆಟ್ಟಿಗೆ ಗುಂಡಿಗೆ ಇಳಿಯಿತು. ಅಣ್ಣ ಅವಳನ್ನು ಪಕ್ಕಕ್ಕೆ ಕರೆದ. ಜೊತೆಯಲ್ಲಿ ಟ್ರ್ಯಾಕ್ಟರ್ ಅಂಗಡಿಯವನಿದ್ದ.

"ಶೆಡ್ಡು ಇವರಿಗೇ ಕೊಡೋಣ ಅಂತ. ಕೆಲಸಕ್ಕೆ ಜನ ಇವರ ಹತ್ರಾನೇ ಇದಾರೆ. ಅಪ್ಪನ ಪಂಚು ಬೇಕಂತೆ. ಎಲ್ಲಿದೆ?"

ಬೆಳಿಗ್ಗೆಯಿಂದ ಅದು ಅವಳ ಜೇಬಿನಲ್ಲೇ ಇತ್ತು.

"ಅಪ್ಪ ನಿನಗೇನೂ ಹೇಳಿರ್ಲಿಲ್ವಾ?"

"ಏನನ್ನ?"

"ನನ್ನ ವಿಷಯ."

"ನಿನ್ನ ವಿಷಯ ಏನಿದೆ? ಇಷ್ಟು ದಿನ ಟೀ ಕಾಫಿ ಅಂತ ಪಾಪ ಓಡಾಡಿದೀಯ. ಇನ್ನು ಆರಾಮಾಗಿರು."

ಅಂಗಡಿಯವನು ಸಮಾಧಾನದ ದನಿಯಲ್ಲಿ, "ಗುರುತೊಂದಿದ್ರೆ ಸಾಕಮ್ಮ. ಬೆಸೆದಿದ್ದು ಯಾರು ಅಂತ ಯಾರೂ ಕೇಳಲ್ಲ," ಎಂದ.

"ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು."

ಅಣ್ಣನ ಮೇಲೆ ಬಂದ ಸಿಟ್ಟು ದೊಡ್ಡದಲ್ಲ, ಅವನು ಮೊದಲಿಂದಲೂ ಹಾಗೇ. ನಿಜವಾದ ಸಿಟ್ಟು ಪೆಟ್ಟಿಗೆಯಲ್ಲಿ ತೆಪ್ಪಗೆ ಮಲಗಿದ್ದವನ ಮೇಲೆ. ಸಾಯುವಾಗಲೂ ಬಾಯಿ ಬಿಡಲಿಲ್ಲವಲ್ಲ ಮಹಾರಾಯ.

ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಿದ್ದರು. ಅವಳ ಸರದಿ ಬಂತು. ಅವಳು ಮಣ್ಣಿಗೆ ಬಗ್ಗಲಿಲ್ಲ, ಜೇಬಿಗೆ ಕೈ ಹಾಕಿದಳು.

"ತಗೋ. ಆರು ವರ್ಷ ನಿನ್ನ ಕೈ ಹಿಡಿದೆ. ಇನ್ನು ನೀನೇ ಇಟ್ಕೋ."

ಪಂಚು ಪೆಟ್ಟಿಗೆಯ ಮುಚ್ಚಳಕ್ಕೆ ಠಣ್ಣೆಂದು ಬಡಿದು ಪಕ್ಕದ ಸಂದಿಗೆ ಉರುಳಿತು. ಅಣ್ಣ "ಏನೇ ಅದು?" ಎನ್ನುತ್ತ ಅಂಚಿಗೆ ಓಡಿಬಂದ. ಆದರೆ ಅಷ್ಟು ಜನರೆದುರು ಅಪ್ಪನ ಗುಂಡಿಗೆ ಇಳಿದು ತಡಕುವುದು ಹೇಗೆ? ಅಗೆಯುವವರು ಯಾರ ಮುಖವನ್ನೂ ನೋಡದೆ ಸಲಿಕೆಯಲ್ಲಿ ಮಣ್ಣು ಎಳೆಯತೊಡಗಿದರು.

ಅವಳು ಟ್ರ್ಯಾಕ್ಟರ್ ಹತ್ತಿ ಕುಳಿತಳು. ಅಜ್ಜ ಚಕ್ರದ ಹತ್ತಿರ ಬಂದರು.

"ಅಲ್ಲಮ್ಮ, ಶೆಡ್ಡಲ್ಲಿ ನನ್ನ ಕುಂಟೆ ಕೆಲಸ ಅರ್ಧಕ್ಕೇ ನಿಂತಿದೆಯಲ್ಲ. ಇನ್ನು ಯಾರು ಮಾಡ್ತಾರೆ?"

ಅವಳು ಲಿವರ್ ಎತ್ತಿದಳು. ಖಾಲಿ ಹಲಗೆ ಮಣ್ಣು ಉದುರಿಸುತ್ತ ಮೇಲೆದ್ದಿತು. ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಅಜ್ಜ ಹಲಗೆಯನ್ನು ನೋಡಿದರು, ಲಿವರಿನ ಮೇಲಿದ್ದ ಅವಳ ಕೈ ನೋಡಿದರು. ಆ ಕೈಯ ಮೇಲೆಲ್ಲ ಬೆಸುಗೆಯ ಕಿಡಿ ಬಿದ್ದು ಸುಟ್ಟ ಕಪ್ಪು ಚುಕ್ಕೆಗಳಿದ್ದವು.