ಮೂರು ಕಾಲೇಜು, ಇಲ್ಲದ ಮೇಷ್ಟ್ರು

ಮಗಳು ಕೋರಿನ್ ಭೂವಿಜ್ಞಾನವನ್ನೇ ಓದುತ್ತೇನೆಂದು ಹಟ ಹಿಡಿದಾಗ ಡೆನೀಸ್ ಯುರ್ಕೋನಿಸಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಪೆನ್ಸಿಲ್ವೇನಿಯಾದ ಅವರ ಊರಿನ ಕೆಳಗೆ ಹಳೆಯ ಕಲ್ಲಿದ್ದಲ ಗಣಿಗಳು ಹೆಗ್ಗಣದ ಬಿಲಗಳಂತೆ ಹರಡಿದ್ದವು. ಹುಡುಗಿ ಚಿಕ್ಕವಳಿದ್ದಾಗ ಒಂದು ಬೆಳಿಗ್ಗೆ ಪಕ್ಕದ ಮನೆಯ ಹಿತ್ತಲು, ಬಟ್ಟೆ ಒಣಹಾಕಿದ್ದ ಹಗ್ಗದ ಸಮೇತ, ನೆಲದೊಳಕ್ಕೆ ಇಳಿದುಹೋಗಿತ್ತು. ನೋಡಲು ಬಂದ ಅಧಿಕಾರಿಗಳು ಸುತ್ತ ಪಟ್ಟಿ ಕಟ್ಟಿ ಹೋದರೇ ಹೊರತು, ಕೆಳಗೇನಿದೆ ಎಂದು ಯಾರೂ ಹೇಳಲಿಲ್ಲ. ಅಂದಿನಿಂದ ಕೋರಿನ್‌ಗೆ ಅದೇ ಧ್ಯಾನ.

ಈಗ ಎರಡು ಕಾಲೇಜುಗಳು ಅವಳನ್ನು ಸೇರಿಸಿಕೊಳ್ಳಲು ಒಪ್ಪಿದ್ದವು. ಎರಡೂ ಸಣ್ಣವು, ಮೇಷ್ಟ್ರುಗಳು ಮಕ್ಕಳನ್ನು ಹೆಸರು ಹಿಡಿದು ಕರೆಯುವಂಥವು. ಎರಡೂ, ತಮ್ಮತಮ್ಮಲ್ಲಿ ತರಗತಿಗಳನ್ನು ಹಂಚಿಕೊಳ್ಳುವ ಒಂದೊಂದು ಕಾಲೇಜು ಒಕ್ಕೂಟಕ್ಕೆ ಸೇರಿದವು. ಆಸ್‌ಗುಡ್ ಇದ್ದದ್ದು ದೂರದ ಒಹಾಯೋದಲ್ಲಿ. ಅದರ ಒಕ್ಕೂಟದ ಉಳಿದ ಕಾಲೇಜುಗಳು ಒಂದೊಂದು ದಿಕ್ಕಿಗೆ ಚದುರಿದ್ದವು. ಟ್ರೆಸ್ಲರ್ ಅವರ ಊರಿಗೆ ಹತ್ತಿರ. ಅದರ ಒಕ್ಕೂಟದ ಪೆನ್‌ಹಾಲೋ ಮತ್ತು ಲವರಿಂಗ್ ಕಾಲೇಜುಗಳು ಅದೇ ಕಣಿವೆಯಲ್ಲಿ, ಬಸ್ಸು ಹತ್ತಿ ಇಳಿಯುವಷ್ಟು ದೂರದಲ್ಲಿದ್ದವು. 'ಒಂದಕ್ಕೆ ಸೇರಿ, ಮೂರರಲ್ಲೂ ಓದಿ' ಎಂದು ಟ್ರೆಸ್ಲರ್‌ನವರು ಕಳಿಸಿದ ಪ್ರತಿಯೊಂದು ಕಾಗದದ ಮೇಲೂ ಅಚ್ಚಾಗಿತ್ತು.

ಡೆನೀಸಳ ಮನಸ್ಸು ಟ್ರೆಸ್ಲರ್ ಕಡೆಗೇ ವಾಲಿತ್ತು. "ಭಾನುವಾರ ಮನೆಗೆ ಬಂದು ಪಿರೋಗಿ ಕಡುಬು ತಿಂದು ಹೋಗಬಹುದು ಕಣೇ. ಆ ಆಸ್‌ಗುಡ್‌ಗೆ ಹೋದ್ರೆ ನಿನ್ನ ಮುಖ ನೋಡೋಕೆ ಕ್ರಿಸ್ಮಸ್ಸೇ ಬರ್ಬೇಕು," ಎನ್ನುತ್ತಿದ್ದಳು.

"ನಾನು ಓದೋಕೆ ಹೋಗ್ತಿರೋದಮ್ಮ, ಪಿರೋಗಿ ತಿನ್ನೋಕಲ್ಲ."

"ಹೊಟ್ಟೆಗಿಲ್ದೆ ಅದ್ಯಾವ ಕಲ್ಲು ಓದ್ತೀಯೋ, ನೋಡ್ತೀನಿ."

ಏಪ್ರಿಲ್‌ನಲ್ಲಿ ಟ್ರೆಸ್ಲರ್‌ನವರು ಹೊಸ ಮಕ್ಕಳನ್ನೂ ತಂದೆತಾಯಿಯರನ್ನೂ ಒಂದು ದಿನದ ಭೇಟಿಗೆ ಕರೆದರು. ಗಂಡ ಸ್ಟ್ಯಾನ್‌ಗೆ ಗೋದಾಮಿನಲ್ಲಿ ರಜೆ ಸಿಗಲಿಲ್ಲ. ತಾಯಿ ಮಗಳು ಇಬ್ಬರೇ ಹೋದರು. ಹಸಿರು ಹುಲ್ಲು, ಕಲ್ಲಿನ ಗೋಪುರ, ಹೂಬಿಟ್ಟ ಮರಗಳ ಕೆಳಗೆ ಕಾಫಿ. ಸೇರ್ಪಡೆ ವಿಭಾಗದ ವಿಟ್‌ಲಾಕ್ ಎಂಬ ನಗುಮುಖದ ಯುವಕ ಎಲ್ಲರ ಕೈ ಕುಲುಕುತ್ತಿದ್ದ.

"ಭೂವಿಜ್ಞಾನದ ಕ್ಲಾಸು ಎಲ್ಲಿ ನಡೆಯುತ್ತೆ?" ಎಂದು ಕೋರಿನ್ ಕೇಳಿದಳು.

"ಅದು ಪೆನ್‌ಹಾಲೋದಲ್ಲಿ. ಒಕ್ಕೂಟದ ಸೊಗಸೇ ಅದು. ಬಸ್ಸು ಹತ್ತಿದ್ರೆ ಆಯ್ತು, ಪುಕ್ಕಟೆ."

ಡೆನೀಸ್ ಮಗಳ ಪಕ್ಕೆಗೆ ಮೊಣಕೈಯಿಂದ ತಿವಿದಳು, ನೋಡಿದೆಯಾ ಎಂಬಂತೆ. ಆದರೆ ಕೋರಿನ್, "ಹಾಗಾದ್ರೆ ಈಗ್ಲೇ ಹೋಗಿ ನೋಡ್ಕೊಂಡು ಬರ್ತೀವಿ" ಎಂದಳು. ವಿಟ್‌ಲಾಕ್‌ನ ನಗು ಅರೆಗಳಿಗೆ ತಡವರಿಸಿತು. "ಮಧ್ಯಾಹ್ನ ಊಟ ಇದೆಯಲ್ಲ," ಎಂದ. ಕೋರಿನ್ ಆಗಲೇ ಬಸ್ಸಿನತ್ತ ಹೊರಟಿದ್ದಳು.

ಪೆನ್‌ಹಾಲೋದ ವಿಜ್ಞಾನ ಕಟ್ಟಡದಲ್ಲಿ ಭೂವಿಜ್ಞಾನ ವಿಭಾಗದ ಹಲಗೆ ಇನ್ನೂ ಗೋಡೆಯ ಮೇಲಿತ್ತು. ಬಾಗಿಲು ತೆರೆದರೆ ನೆಲದ ತುಂಬ ಬಣ್ಣಬಣ್ಣದ ಚಾಪೆಗಳು, ಮೂಲೆಯಲ್ಲಿ ಕುಂಡದ ಗಿಡ. ಅದು ಮಕ್ಕಳು ಮನಸ್ಸು ಹಗುರ ಮಾಡಿಕೊಳ್ಳುವ ಕೋಣೆಯಾಗಿತ್ತು. ಎದುರು ಕಚೇರಿಯ ಹೆಂಗಸು ಕನ್ನಡಕ ಮೇಲೇರಿಸಿ, "ಭೂವಿಜ್ಞಾನವಾ? ನಮ್ಮ ಮಕ್ಕಳನ್ನ ನಾವು ಲವರಿಂಗ್‌ಗೆ ಕಳಿಸ್ತೀವಲ್ಲ" ಎಂದಳು.

"ಟ್ರೆಸ್ಲರ್‌ನವರು ಇಲ್ಲೇ ಇದೆ ಅಂದ್ರು."

"ಹಾಗಂದ್ರಾ?" ಎಂದಳು ಹೆಂಗಸು. ಅವಳ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು.

ಮತ್ತೆ ಬಸ್ಸು. ಕಿಟಕಿಯಾಚೆ ಕಣಿವೆ ಚೆಂದವಾಗಿಯೇ ಇತ್ತು. ಆ ಚೆಂದವೇ ಡೆನೀಸಳಿಗೆ ಕಿರಿಕಿರಿಯೆನಿಸತೊಡಗಿತ್ತು.

ಲವರಿಂಗ್‌ನ ನೆಲಮಾಳಿಗೆಯಲ್ಲಿ ಎತ್ತರದ ವೃದ್ಧೆಯೊಬ್ಬಳು ಕಲ್ಲುಗಳನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುತ್ತಿದ್ದಳು. ಪ್ರೊಫೆಸರ್ ಇಂಗರ್‌ಸೋಲ್, ಈ ಮೇ ತಿಂಗಳಿಗೆ ನಿವೃತ್ತಿ. ಕೋರಿನ್ ಬಂದ ಕಾರಣ ಹೇಳಿದಾಗ ಆಕೆ ಕೈಯಲ್ಲಿದ್ದ ಕಲ್ಲನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟಳು.

"ನನ್ನ ಜಾಗಕ್ಕೆ ಯಾರನ್ನೂ ತಗೊಳ್ಳಲ್ಲ ಮಗೂ. ಟ್ರೆಸ್ಲರ್‌ನವರು ಹೊಸಬರನ್ನ ತಗೋತಾರೆ, ನಮಗ್ಯಾಕೆ ಅಂತ ನಮ್ಮ ಡೀನ್ ಹೇಳಿದ್ರು."

"ಟ್ರೆಸ್ಲರ್‌ನವರು ಪೆನ್‌ಹಾಲೋ ಅಂತಾರೆ," ಎಂದಳು ಕೋರಿನ್ ಮೆಲ್ಲಗೆ. "ಪೆನ್‌ಹಾಲೋದವರು ನಿಮ್ಮ ಕಡೆ ಕೈ ತೋರಿಸ್ತಾರೆ."

"ಹಾಗಾದ್ರೆ ಯಾರೂ ಇಲ್ಲ ಅಂತಾಯ್ತು," ಎಂದಳು ವೃದ್ಧೆ. ತನ್ನ ಇಡೀ ಬದುಕಿನ ಕೆಲಸಕ್ಕೆ ಹೀಗೆ ತೆರೆಬಿದ್ದಿದ್ದು ಅವಳಿಗೂ ಆಗಷ್ಟೇ ಗೊತ್ತಾದಂತಿತ್ತು. "ನಾನೂ ಕೇಳಿದ್ದನ್ನೇ ನಂಬಿಬಿಟ್ಟೆ."

ಡೆನೀಸಳ ಕಿವಿ ಬಿಸಿಯಾಯಿತು. ದಂತವೈದ್ಯರ ಚಿಕಿತ್ಸಾಲಯದ ಸ್ವಾಗತದ ಮೇಜಿನಲ್ಲಿ ಕೂತು ಅವಳು ಎಷ್ಟೋ ವರ್ಷ ಜನರ ಸಿಡುಕನ್ನು ನಗುನಗುತ್ತಲೇ ನುಂಗಿದವಳು. ಇಂದು ನುಂಗಲಾಗಲಿಲ್ಲ. ಇವರು ಸುಳ್ಳು ಹೇಳಿದ್ದಕ್ಕೆ ಒಂದು ಕೋಪ. ಆ ಸುಳ್ಳನ್ನು ಹೊತ್ತುಕೊಂಡು ತಿಂಗಳುಗಟ್ಟಲೆ ಮಗಳ ಜೊತೆ ವಾದಿಸಿದವಳು ತಾನೇ ಎಂಬುದಕ್ಕೆ ಇನ್ನೊಂದು.

ಸಂಜೆ ಟ್ರೆಸ್ಲರ್‌ನ ಪ್ರಾರ್ಥನಾ ಮಂದಿರದಲ್ಲಿ ಸಮಾರೋಪ. ಅಲ್ಲಿನ ಡೀನ್ ಹ್ಯಾಲೊರನ್ ಮಧುರವಾಗಿ ಮಾತಾಡಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೋರಿನ್ ಎದ್ದುನಿಂತು, ಮೂರು ಕಾಲೇಜು ಸುತ್ತಿದ್ದನ್ನು ಇದ್ದದ್ದು ಇದ್ದಂತೆ ಹೇಳಿ, "ಬರೋ ವರ್ಷ ನನಗೆ ಯಾರು ಪಾಠ ಮಾಡ್ತಾರೆ?" ಎಂದು ಕೇಳಿದಳು.

"ಒಳ್ಳೆಯ ಪ್ರಶ್ನೆ," ಎಂದರು ಡೀನ್. "ಒಕ್ಕೂಟದ ಮಟ್ಟದಲ್ಲಿ ಆ ಬಗ್ಗೆ ಮಾತುಕತೆ ನಡೀತಾ ಇದೆ. ಇಂಥ ಕುತೂಹಲ ಇರೋ ಮಕ್ಕಳೇ ನಮಗೆ ಬೇಕು."

ಡೆನೀಸ್ ಎದ್ದಳು.

"ನನ್ನ ಮಗಳು ಹೆಸರು ಕೇಳಿದ್ಲು ಸ್ವಾಮಿ. ನೀವು ಅಡ್ಡಗೋಡೆ ಮೇಲೆ ದೀಪ ಇಟ್ರಿ. ಇದ್ರೆ ಹೆಸರು ಹೇಳಿ, ಇಲ್ದಿದ್ರೆ ಇಲ್ಲ ಅನ್ನಿ. ಒಂದಕ್ಕೆ ಸೇರಿದ್ರೆ ಮೂರು ಸಿಗುತ್ತೆ ಅಂತ ಬರೀತೀರಿ. ಮೂರೂ ಕಡೆ ಹೋಗಿ ಬಂದ್ವಿ, ಒಂದೂ ಸಿಗ್ಲಿಲ್ಲ. ಅಲ್ಲೊಬ್ರು ಹಿರಿಯರು ಕಲ್ಲು ಕಟ್ಕೊಂಡು ಮನೆಗೆ ಹೋಗ್ತಿದಾರೆ, ನೀವು ಬದಲಿ ತಗೋತೀರಿ ಅಂತ ನಂಬ್ಕೊಂಡು. ಅವರಿಗಾದ್ರೂ ನಿಜ ಹೇಳ್ಬಾರ್ದಿತ್ತಾ?"

ಕೋರಿನ್ ತಾಯಿಯ ತೋಳು ಎಳೆಯಲಿಲ್ಲ. ಹಿಂದಿನ ಸಾಲಿನಿಂದ ದಪ್ಪ ಮೀಸೆಯವನೊಬ್ಬ ಎದ್ದ. "ನನ್ನ ಮಗ ಅರೇಬಿಕ್ ಓದ್ಬೇಕು ಅಂತಾನೆ. ಅದೂ ಪೆನ್‌ಹಾಲೋದಲ್ಲಿದೆ ಅಂದ್ರು. ಅಲ್ಲೂ ಚಾಪೆನೇ ಹಾಸಿದಾರಾ?" ಯಾರೋ ನಕ್ಕರು. ಡೀನ್ ನಗಲಿಲ್ಲ. ಸಮಯವಾಯಿತೆಂದು ಸಭೆ ಮುಗಿಸಿದರು.

ಹೊರಗೆ ವಿಟ್‌ಲಾಕ್ ಓಡಿಬಂದ. ಡೀನ್ ಒಂದು ನಿಮಿಷ ಒಳಗೆ ಕರೆಯುತ್ತಿದ್ದಾರೆ, ಕೋರಿನ್‌ಳ ವಿದ್ಯಾರ್ಥಿವೇತನವನ್ನು ಇನ್ನೊಮ್ಮೆ ನೋಡಬಹುದಂತೆ ಎಂದ.

"ಮೂಗಿಗೆ ತುಪ್ಪ ಸವರ್ಬೇಡಪ್ಪ," ಎಂದಳು ಡೆನೀಸ್. "ನಾನು ಕೇಳಿದ್ದು ಮೇಷ್ಟ್ರನ್ನ."

ಅವನು ತಲೆ ತಗ್ಗಿಸಿದ. "ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ ಮೇಡಂ. ಹೇಳ್ಕೊಟ್ಟಿದ್ದನ್ನ ಹೇಳಿದೆ."

"ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತಿರೋ ಹಾಗೆ ಹೇಳಿದ್ಯಲ್ಲ, ಅದಕ್ಕೇ ಸಿಟ್ಟು."

ಮರುದಿನ ಕೋರಿನ್ ಆಸ್‌ಗುಡ್‌ಗೆ ಫೋನು ಮಾಡಿ ಅದೇ ಪ್ರಶ್ನೆ ಕೇಳಿದಳು. ವಿಭಾಗದ ಮುಖ್ಯಸ್ಥೆ ಪ್ರಿಸಿಲ್ಲಾ ಓಯೆನ್ ತಾನೇ ಎತ್ತಿಕೊಂಡಳು. "ನಾವಿಲ್ಲಿ ಇಬ್ರು. ನಾನು, ಇನ್ನೊಬ್ರು ಟೆಡ್. ಟೆಡ್ ಪಾಠ ನಿದ್ದೆ ಬರಿಸುತ್ತೆ, ಮೊದಲೇ ಹೇಳ್ಬಿಡ್ತೀನಿ. ನೀರಿನ ವಿಷಯ ಓದ್ಬೇಕಂದ್ರೆ ಒಕ್ಕೂಟದ ಇನ್ನೊಂದು ಕಾಲೇಜಿಗೆ ಹೋಗಿ ಒಂದು ಸೆಮಿಸ್ಟರ್ ಇದ್ದು ಬರ್ಬೇಕು. ದೂರ. ಬಸ್ಸಿಲ್ಲ. ಆದ್ರೆ ಅಲ್ಲಿ ಪಾಠ ಮಾಡೋ ಮೇಷ್ಟ್ರ ನಂಬರ್ ಬೇಕಾದ್ರೆ ಈಗ್ಲೇ ಕೊಡ್ತೀನಿ, ಮಾತಾಡು."

ಕೋರಿನ್ ಆ ನಂಬರಿಗೂ ಮಾಡಿ ಮಾತಾಡಿದಳು. ಆಮೇಲೆ ತಾಯಿಯ ಮುಖ ನೋಡಿದಳು. ಡೆನೀಸ್ ಪಾತ್ರೆ ಒರೆಸುತ್ತಾ, "ಒಹಾಯೋನೇ ಆಗ್ಲಿ. ಅಲ್ಲಿ ಇಲ್ದೇ ಇರೋದನ್ನ ಇಲ್ಲ ಅಂತಾರೆ," ಎಂದಳು. ಕಣ್ಣು ತುಂಬಿತ್ತು.

ಆಗಸ್ಟಿನಲ್ಲಿ ಸ್ಟ್ಯಾನ್ ಮಗಳನ್ನು ಕಾರಿನಲ್ಲಿ ಬಿಟ್ಟುಬಂದ. ಚಳಿಗಾಲ ಶುರುವಾಗುವ ಹೊತ್ತಿಗೆ ಅರೇಬಿಕ್ ಓದಬೇಕೆಂದಿದ್ದ ಹುಡುಗನ ತಂದೆ, ಆ ದಪ್ಪ ಮೀಸೆಯವನಿಂದ ಫೋನು ಬಂತು. ಅವತ್ತಿನ ಗಲಾಟೆಯ ನಂತರ ಮೂರು ಕಾಲೇಜುಗಳೂ ಸೇರಿ ಭೂವಿಜ್ಞಾನಕ್ಕೆ ಒಬ್ಬ ಅರೆಕಾಲಿಕ ಮೇಷ್ಟ್ರನ್ನು ತೆಗೆದುಕೊಂಡಿವೆಯಂತೆ, ಒಕ್ಕೂಟದ ಸಾಧನೆ ಎಂದು ತಮ್ಮ ಪ್ರಚಾರದ ಕಾಗದಗಳಲ್ಲಿ ದೊಡ್ಡದಾಗಿ ಹಾಕಿಕೊಂಡಿವೆಯಂತೆ. "ನಿಮ್ಮಿಂದ ಆಗಿದ್ದು. ಖುಷಿಪಡಿ," ಎಂದ ಅವನು.

ಆ ಮೇಷ್ಟ್ರು ವಾರವೆಲ್ಲ ಮೂರು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಓಡಾಡುತ್ತಾನೆ, ಕೂರಲು ಅವನಿಗೆ ಎಲ್ಲೂ ಒಂದು ಕೋಣೆಯಿಲ್ಲ ಎಂಬುದನ್ನೂ ಆ ತಂದೆಯೇ ಹೇಳಿದ. ಡೆನೀಸ್ ಫೋನಿಟ್ಟಳು. ಖುಷಿ ಬರಲಿಲ್ಲ. ಅವಳು ಅಡುಗೆಮನೆಯಲ್ಲಿ ನಿಂತೇ, ಆ ಮೇಷ್ಟ್ರ ಪರವಾಗಿ, ಮತ್ತೊಮ್ಮೆ ಸಿಟ್ಟಾಗತೊಡಗಿದಳು.